ಉಳಿದ ಅನ್ನ ವಿಷವೇ? 1098ಕ್ಕೆ ಕರೆ ಮಾಡಿದರೆ ಊಟ ಒಯ್ಯುತ್ತಾರೆಯೇ? ಅಡುಗೆಮನೆಯ ಫಾರ್ವರ್ಡ್‌ಗಳ ಸತ್ಯಾಸತ್ಯ

ಮದುವೆ ಸೀಸನ್ ಬಂತೆಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಊಟದ ಬಗೆಗಿನ ಹಳೆಯ ಸಂದೇಶಗಳು ಮತ್ತೆ ಎದ್ದು ಬರುತ್ತವೆ. ‘ಸಮಾರಂಭದಲ್ಲಿ ಊಟ ಉಳಿದರೆ 1098ಕ್ಕೆ ಕರೆ ಮಾಡಿ’, ‘ಉಳಿದ ಅನ್ನ ಬಿಸಿ ಮಾಡಿದರೆ ವಿಷ’, ‘ಹೆಚ್ಚಿಟ್ಟ ಈರುಳ್ಳಿ ಮುಟ್ಟಬೇಡಿ’, ‘ಫ್ರಿಜ್‌ನಲ್ಲಿಟ್ಟ ಹಿಟ್ಟಿಗೆ ಪ್ರೇತ ಬರುತ್ತದೆ’, ‘ಭಾರತದಲ್ಲಿ ಶೇ 40ರಷ್ಟು ಆಹಾರ ಕಸಕ್ಕೆ ಹೋಗುತ್ತಿದೆ’. ಕಳಿಸುವವರ ಉದ್ದೇಶ ಒಳ್ಳೆಯದೇ ಇರುತ್ತದೆ. ಆದರೆ ಇವುಗಳಲ್ಲಿ ಕೆಲವು ತಿನ್ನಬಹುದಾದ ಆಹಾರವನ್ನು ಚೆಲ್ಲಿಸುತ್ತವೆ, ಕೆಲವು ಅಪಾಯದ ಬಗ್ಗೆ ತಪ್ಪು ತಿಳಿಸುತ್ತವೆ, ಒಂದಂತೂ ಸಂಕಷ್ಟದಲ್ಲಿರುವ ಮಕ್ಕಳಿಗೆ ಸಿಗಬೇಕಾದ ಸಹಾಯಕ್ಕೇ ಅಡ್ಡ ಬರುತ್ತದೆ.

ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳ ಊಟ, ಹವಾಮಾನ ಮತ್ತು ಹಿತ್ತಲನ್ನು ಮನಸ್ಸಿನಲ್ಲಿಟ್ಟುಕೊಂಡು ಇವನ್ನು ಒಂದೊಂದಾಗಿ ನೋಡೋಣ.

ಒಂದೇ ನೋಟದಲ್ಲಿ

- ಉಳಿದ ಅನ್ನ ವಿಷವಲ್ಲ. ಅದನ್ನು ತಾಸುಗಟ್ಟಲೆ ಹೊರಗೆ ಬಿಡುವುದು ಅಪಾಯ.
- 1098 ಮಕ್ಕಳ ಸಹಾಯವಾಣಿ. ಅವರು ಊಟ ಒಯ್ಯುವುದಿಲ್ಲ.
- ಗೊಬ್ಬರ ಮಾಡುವುದು ಒಳ್ಳೆಯದು, ಆದರೆ ಅದು ಕೊನೆಯ ಹೆಜ್ಜೆ. ಮೊದಲ ಹೆಜ್ಜೆ ಅಳತೆ, ಎರಡನೆಯದು ಉಳಿದದ್ದನ್ನು ಸುರಕ್ಷಿತವಾಗಿ ತಿನ್ನುವುದು.

ನಿಜಕ್ಕೂ ಎಷ್ಟು ವ್ಯರ್ಥವಾಗುತ್ತಿದೆ?

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಾದ್ಯಂತ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ 60ರಷ್ಟು ಹೋದದ್ದು ಮನೆಗಳಿಂದ. ಉಳಿದದ್ದು ಹೋಟೆಲ್, ಕ್ಯಾಂಟೀನ್ ಮತ್ತು ಅಂಗಡಿಗಳಿಂದ. ಭಾರತದ ಮನೆಗಳಿಗೆ ಆ ವರದಿ ಕೊಟ್ಟ ಅಂದಾಜು ತಲೆಗೆ ವರ್ಷಕ್ಕೆ 55 ಕೆ.ಜಿ. ಅಂದರೆ ದಿನಕ್ಕೆ 150 ಗ್ರಾಂ. ಐದು ಜನರ ಮನೆಯಲ್ಲಿ ಇದು ದಿನಕ್ಕೆ ಮುಕ್ಕಾಲು ಕೆ.ಜಿ., ವರ್ಷಕ್ಕೆ ಸುಮಾರು 275 ಕೆ.ಜಿ.

ಇಲ್ಲೊಂದು ಮಾತು ನೆನಪಿರಲಿ. ಈ ಲೆಕ್ಕದಲ್ಲಿ ಉಳಿದ ಅನ್ನ, ರೊಟ್ಟಿಯ ಜೊತೆಗೆ ಬಾಳೆಹಣ್ಣಿನ ಸಿಪ್ಪೆ, ಮೂಳೆಯಂಥ ತಿನ್ನಲಾಗದ ಭಾಗವೂ ಸೇರಿದೆ. ಹಾಗಾಗಿ 55 ಕೆ.ಜಿ.ಯೂ ‘ಚೆಲ್ಲಿದ ಊಟ’ವಲ್ಲ.

ಹಾಗಾದರೆ ‘ಶೇ 40’ ಎಲ್ಲಿಂದ ಬಂತು? ಈ ಸಂಖ್ಯೆಯನ್ನು ಬೆಂಬಲಿಸುವ ಅಳತೆ ಕಾಣುವುದಿಲ್ಲ. ಹೊಲದಿಂದ ಮಾರುಕಟ್ಟೆಯವರೆಗಿನ ನಷ್ಟವನ್ನು ಲುಧಿಯಾನದ ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಫೆಟ್ ದೇಶದಾದ್ಯಂತ ಅಳೆದು 2015ರಲ್ಲಿ ವರದಿ ಕೊಟ್ಟಿತು. ಧಾನ್ಯಗಳಲ್ಲಿ ನಷ್ಟ ಸುಮಾರು ಶೇ 4.65ರಿಂದ 5.99, ಬೇಳೆಕಾಳುಗಳಲ್ಲಿ ಶೇ 6.36ರಿಂದ 8.41, ಹಣ್ಣು-ತರಕಾರಿಗಳಲ್ಲಿ ಹೆಚ್ಚೆಂದರೆ ಶೇ 16ರ ಹತ್ತಿರ. ಇದೇನೂ ಸಣ್ಣ ನಷ್ಟವಲ್ಲ. ಆದರೆ ಉಬ್ಬಿಸಿದ ಸಂಖ್ಯೆ ಓದಿದಾಗ ‘ಇದೆಲ್ಲ ಗೋದಾಮಿನ, ಸರ್ಕಾರದ ತಪ್ಪು, ನಮ್ಮ ಮನೆಯಲ್ಲಿ ಏನಿದೆ?’ ಎನಿಸಿಬಿಡುತ್ತದೆ.

ಕಲ್ಯಾಣದ ಹಳೆಯ ಕಥೆಯೊಂದು

ಅಳತೆಯ ಮಾತು ಬಸವಕಲ್ಯಾಣದವರಿಗೆ ಹೊಸದಲ್ಲ. 12ನೇ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ, ಬೇಕಾದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಇದ್ದ ಕಡೆಗೇ ಮರಳಿಸಲು ಕಳಿಸಿದಳು ಎನ್ನುತ್ತದೆ ಪರಂಪರೆ.

ಈ ಕಥೆಯನ್ನು ಭಕ್ತಿಯ ಪಾಠವಾಗಿ ಓದುವುದೇ ರೂಢಿ. ಆಹಾರ ವ್ಯರ್ಥ ತಡೆಯುವ ಇಂದಿನ ಪರಿಣತರು ಹೇಳುವ ಕ್ರಮವೂ ಇದೇ: ಮೊದಲು ಹೆಚ್ಚುವರಿ ಆಗದಂತೆ ನೋಡಿಕೊಳ್ಳಿ, ಆದದ್ದನ್ನು ಮನುಷ್ಯರಿಗೆ ಉಣಿಸಿ, ನಂತರ ದನಕರುಗಳಿಗೆ, ಕೊನೆಗೆ ಗೊಬ್ಬರಕ್ಕೆ. ಕಸದ ರಾಶಿಗೆ ಹೋಗುವುದು ಇದ್ಯಾವುದೂ ಆಗದಾಗ ಮಾತ್ರ.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಅಕ್ಕಿ ಬೆಂದಾಗ ತೂಕ ಎರಡೂವರೆಯಿಂದ ಮೂರು ಪಟ್ಟಾಗುತ್ತದೆ. ‘ಇರಲಿ’ ಎಂದು ಹಾಕಿದ 100 ಗ್ರಾಂ ಹೆಚ್ಚುವರಿ ಅಕ್ಕಿ ಪಾತ್ರೆಯಲ್ಲಿ 250–300 ಗ್ರಾಂ ಅನ್ನವಾಗಿ ಉಳಿಯುತ್ತದೆ. ಒಂದು ಕೆ.ಜಿ. ಅಕ್ಕಿಗೆ ಜಾಗತಿಕ ಸರಾಸರಿಯಲ್ಲಿ ಸುಮಾರು 2,500 ಲೀಟರ್ ನೀರು ಬೇಕು ಎಂಬುದು ಜಲತಜ್ಞರ ಲೆಕ್ಕ. ಹಾಗೆ ನೋಡಿದರೆ ಆ 100 ಗ್ರಾಂ ಅಕ್ಕಿಯ ಹಿಂದೆ 250 ಲೀಟರ್ ನೀರಿದೆ. ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರ್‌ಗೆ ಕಾಯುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಮಾಡಬೇಕಾದದ್ದು ಇಷ್ಟೇ. ಒಂದು ವಾರ, ದಿನವೂ ಏನು ಚೆಲ್ಲಿದಿರಿ, ಎಷ್ಟು, ಏಕೆ ಎಂದು ಕ್ಯಾಲೆಂಡರ್ ಮೇಲೆ ಬರೆಯಿರಿ: ‘ಸೋಮವಾರ – ಒಂದು ಬಟ್ಟಲು ಅನ್ನ – ಅಣ್ಣ ಹೊರಗೆ ಉಂಡು ಬಂದ’. ವಾರದ ಕೊನೆಗೆ ಒಂದೋ ಎರಡೋ ಕಾರಣ ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ. ಅದನ್ನು ಸರಿಪಡಿಸಲು ಯಾವ ಡಬ್ಬಿಯನ್ನೂ, ಪುಡಿಯನ್ನೂ ಕೊಳ್ಳಬೇಕಿಲ್ಲ. ಅಕ್ಕಿಗೆ ಒಂದೇ ಅಳತೆಯ ಬಟ್ಟಲು, ‘ಇವತ್ತು ಊಟಕ್ಕೆ ಎಷ್ಟು ಜನ?’ ಎಂಬ ಒಂದು ಸಂದೇಶ ಸಾಕು.

ಹೇಳಿಕೆ: ‘ಉಳಿದ ಅನ್ನ ಬಿಸಿ ಮಾಡಿದರೆ ವಿಷವಾಗುತ್ತದೆ’

ಅರ್ಧ ಸತ್ಯ. ಬಿಸಿ ಮಾಡುವುದರಿಂದ ವಿಷ ಹುಟ್ಟುವುದಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಕುದಿಸಿದರೂ ಇವು ಸಾಯುವುದಿಲ್ಲ. ಅನ್ನ ಬೆಚ್ಚಗೆ ತಾಸುಗಟ್ಟಲೆ ಹೊರಗೇ ಇದ್ದರೆ ಅವು ಮೊಳೆತು, ಹೆಚ್ಚಿ, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಒಮ್ಮೆ ಆ ವಿಷ ತಯಾರಾದರೆ ಮತ್ತೆ ಎಷ್ಟೇ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ತಪ್ಪು ನಡೆಯುವುದು ಬೆಳಿಗ್ಗೆ ಒಗ್ಗರಣೆ ಹಾಕುವಾಗ ಅಲ್ಲ, ರಾತ್ರಿ ಪಾತ್ರೆಯನ್ನು ಕಟ್ಟೆಯ ಮೇಲೇ ಬಿಟ್ಟು ಮಲಗಿದಾಗ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ: ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣಾಂಶದಲ್ಲಿ ಎರಡು ತಾಸಿಗಿಂತ ಹೆಚ್ಚು ಇಡಬೇಡಿ, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪಿನಲ್ಲಿಡಿ, ತಿನ್ನುವ ಮೊದಲು ಹಬೆಯಾಡುವಂತೆ ಬಿಸಿ ಮಾಡಿ. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ತಾಸು ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಏಪ್ರಿಲ್–ಮೇನಲ್ಲಿ ಬೀದರ್ ಜಿಲ್ಲೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹಾಗಾಗಿ ನಮಗೆ ಅನ್ವಯಿಸುವುದು ಈ ಒಂದು ತಾಸಿನ ನಿಯಮವೇ.

- ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಮರುದಿನವೇ ಮುಗಿಸಿ. ಒಮ್ಮೆ ಮಾತ್ರ ಬಿಸಿ ಮಾಡಿ.
- ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ತಾಸು ತಂಪು ಉಳಿಯುತ್ತದೆ.
- ಫ್ರಿಜ್ ಇಲ್ಲದ ಮನೆಯಲ್ಲಿ ಬೇಸಿಗೆಯ ರಾತ್ರಿಗೆ ಅನ್ನ ಕಡಿಮೆ, ರೊಟ್ಟಿ ಹೆಚ್ಚು ಮಾಡುವುದು ಜಾಣತನ.
- ಬೆಳಿಗ್ಗೆ ವಾಸನೆ ಚೆನ್ನಾಗಿದೆ ಎಂದು ನಂಬಬೇಡಿ. ಈ ವಿಷಕ್ಕೆ ವಾಸನೆ ಇಲ್ಲ. ಚಿಕ್ಕ ಮಕ್ಕಳು, ಗರ್ಭಿಣಿಯರು, ಹಿರಿಯರ ವಿಷಯದಲ್ಲಿ ಅನುಮಾನವಿದ್ದರೆ ಬಿಟ್ಟುಬಿಡಿ.

ಹೇಳಿಕೆ: ‘ಹೆಚ್ಚಿಟ್ಟ ಈರುಳ್ಳಿ ಬ್ಯಾಕ್ಟೀರಿಯಾ ಎಳೆಯುತ್ತದೆ, ಫ್ರಿಜ್‌ನ ಹಿಟ್ಟಿಗೆ ಪ್ರೇತ ಬರುತ್ತದೆ’

ಎರಡೂ ಸುಳ್ಳು. ಈರುಳ್ಳಿ ಗಾಳಿಯಲ್ಲಿನ ರೋಗಾಣುಗಳನ್ನು ಆಯಸ್ಕಾಂತದಂತೆ ಎಳೆಯುವುದಿಲ್ಲ. ಹೆಚ್ಚಿದ ಬೇರೆ ತರಕಾರಿಯಂತೆಯೇ ಅದನ್ನೂ ಮುಚ್ಚಿದ ಡಬ್ಬಿಯಲ್ಲಿ ತಂಪಾಗಿ ಇಟ್ಟರೆ ಮರುದಿನ ಬಳಸಬಹುದು. ಕೊಳಕು ಚಾಕು, ಕೊಳಕು ಹಲಗೆಯಿಂದ ಮಾತ್ರ ತೊಂದರೆ.

ಕಲಸಿದ ಗೋಧಿ ಹಿಟ್ಟು ಫ್ರಿಜ್‌ನಲ್ಲಿ ಬೂದು ಬಣ್ಣಕ್ಕೆ ತಿರುಗುವುದನ್ನು ನೋಡಿ ಹೆದರಬೇಕಿಲ್ಲ. ಸೇಬು ಹೆಚ್ಚಿಟ್ಟರೆ ಕಂದಾಗುವಂತೆಯೇ ಹಿಟ್ಟಿನಲ್ಲಿರುವ ಕಿಣ್ವಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಬಣ್ಣ ಬದಲಿಸುತ್ತವೆ. ಹುಳಿ ವಾಸನೆ, ಲೋಳೆ ಅಥವಾ ಬೂಸ್ಟು ಕಂಡರೆ ಮಾತ್ರ ಎಸೆಯಿರಿ.

ಅಜ್ಜಿಯ ಅಡುಗೆ, ಇಂದಿನ ವಿಜ್ಞಾನ

ನಮ್ಮ ಕಡೆಯ ಅಡುಗೆಯಲ್ಲಿ ಉಳಿತಾಯದ ಪಾಕಗಳಿಗೆ ಬರವಿಲ್ಲ. ಅವು ಏಕೆ ಕೆಲಸ ಮಾಡುತ್ತವೆ ಎಂದು ತಿಳಿದರೆ ಧೈರ್ಯವಾಗಿ ಮಾಡಬಹುದು.

*ಕಟಕ್ ರೊಟ್ಟಿ.* ಜೋಳದ ರೊಟ್ಟಿಯನ್ನು ಮಂದ ಉರಿಯಲ್ಲಿ ಗರಿಗರಿಯಾಗಿ ಒಣಗಿಸಿದಾಗ ಬೂಸ್ಟು ಬೆಳೆಯಲು ಬೇಕಾದ ನೀರಿನಂಶವೇ ಇರುವುದಿಲ್ಲ. ಅದಕ್ಕೇ ವಾರಗಟ್ಟಲೆ ಇರುತ್ತದೆ. ಹೆಚ್ಚಾದ ಮೆತ್ತನೆ ರೊಟ್ಟಿಯನ್ನು ಅದೇ ದಿನ ಒಣಗಿಸಿ. ಮರುದಿನ ತೇವ ಬಂದ ಮೇಲೆ ಒಣಗಿಸಿದರೆ ಪ್ರಯೋಜನವಿಲ್ಲ.

*ಮುಟಗಿ ಮತ್ತು ಒಗ್ಗರಣೆ.* ರೊಟ್ಟಿಯನ್ನು ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪಿನೊಂದಿಗೆ ಕುಟ್ಟಿ ಎಣ್ಣೆ ಹಾಕಿದರೆ ಮುಟಗಿ. ತಂಗಳ ಚಪಾತಿ ಚೂರು ಮಾಡಿ ಈರುಳ್ಳಿ, ಶೇಂಗಾ ಜೊತೆ ಒಗ್ಗರಣೆ ಕೊಟ್ಟರೆ ಬೆಳಗಿನ ನಾಷ್ಟಾ.

*ಕಟ್ಟಿನ ಸಾರು.* ಹೋಳಿಗೆಗೆ ಬೇಳೆ ಬೇಯಿಸಿದ ನೀರನ್ನು ಚೆಲ್ಲದೆ ಸಾರು ಮಾಡುವ ರೂಢಿ. ಬೇಯುವಾಗ ನೀರಿಗಿಳಿದ ಲವಣಾಂಶ, ಕೆಲವು ಜೀವಸತ್ವಗಳು ತಟ್ಟೆಗೇ ಬರುತ್ತವೆ.

*ಸಿಪ್ಪೆ, ದಂಟು, ಸೊಪ್ಪು.* ಹೀರೇಕಾಯಿ ಸಿಪ್ಪೆಯ ಚಟ್ನಿ, ಮೂಲಂಗಿ ಸೊಪ್ಪಿನ ಪಲ್ಲೆ, ಹೂಕೋಸಿನ ದಂಟು ಸಾಂಬಾರಿಗೆ, ಕೊತ್ತಂಬರಿ ದಂಟು ಚಟ್ನಿಗೆ. ಮಾರುಕಟ್ಟೆಯ ತರಕಾರಿಯನ್ನು ಚೆನ್ನಾಗಿ ತೊಳೆಯಿರಿ. ಹಸಿರಾದ ಅಥವಾ ಮೊಳಕೆಯೊಡೆದ ಆಲೂಗಡ್ಡೆಯ ಸಿಪ್ಪೆ ಮಾತ್ರ ಬೇಡ, ಅದರಲ್ಲಿ ಸೊಲನಿನ್ ಎಂಬ ವಿಷಾಂಶವಿರುತ್ತದೆ.

*ಭಜ್ಜಿ.* ಎಳ್ಳಮವಾಸ್ಯೆಗೆ ಹಲವು ಕಾಳು, ಸೊಪ್ಪು, ತರಕಾರಿ ಸೇರಿಸಿ ಮಾಡುವ ಭಜ್ಜಿಯನ್ನು ವರ್ಷಕ್ಕೊಮ್ಮೆಯೇ ಮಾಡಬೇಕೆಂದಿಲ್ಲ. ವಾರದ ಸಂತೆಯ ಹಿಂದಿನ ದಿನ, ಬುಟ್ಟಿಯಲ್ಲಿ ಉಳಿದ ಅರ್ಧ ಬದನೆ, ನಾಲ್ಕು ಬೀನ್ಸ್, ಒಂದು ಹಿಡಿ ಮೆಂತೆಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಉಳಿತಾಯ ಬೇಡ: ಬೂಸ್ಟು ಹಿಡಿದ ಶೇಂಗಾ. ಅದರಲ್ಲಿ ಅಫ್ಲಟಾಕ್ಸಿನ್ ಎಂಬ, ಯಕೃತ್ತಿಗೆ ಹಾನಿ ಮಾಡುವ ವಿಷವಿರಬಹುದು. ಹುರಿದು ಹಿಂಡಿ ಮಾಡಿದರೂ ಅದು ಪೂರ್ತಿ ಹೋಗುವುದಿಲ್ಲ.

ಹೇಳಿಕೆ: ‘ದನಕ್ಕೆ ಹಾಕಿದರೆ ಪುಣ್ಯ, ವ್ಯರ್ಥವಾಗುವುದಿಲ್ಲ’

ಎಚ್ಚರಿಕೆಯಿಂದ ಮಾಡಿದರೆ ಸರಿ. ತರಕಾರಿ ಸಿಪ್ಪೆ, ಮುಸುರಿ ನೀರು ದನಗಳಿಗೆ ಹಾಕುವುದು ಹಳೆಯ ಪದ್ಧತಿ, ಅದರಲ್ಲಿ ತಪ್ಪಿಲ್ಲ. ಆದರೆ ಹಬ್ಬದ ಮರುದಿನ ಬುಟ್ಟಿಗಟ್ಟಲೆ ಅನ್ನ, ಹೋಳಿಗೆ, ಹಿಟ್ಟು ಸುರಿದರೆ ದನದ ಮೊದಲ ಹೊಟ್ಟೆಯಲ್ಲಿ ಪಿಷ್ಟ ವೇಗವಾಗಿ ಹುಳಿತು ಆಮ್ಲ ಏರುತ್ತದೆ. ಹೊಟ್ಟೆ ಉಬ್ಬಿ, ಮೇವು ಬಿಟ್ಟು, ಚಿಕಿತ್ಸೆ ಸಿಗದಿದ್ದರೆ ಹಸು ಸಾಯಲೂಬಹುದು. ಬೂಸ್ಟು ಹಿಡಿದ ಶೇಂಗಾ, ಮೆಕ್ಕೆಜೋಳ ಹಾಕಿದರೆ ಅದರ ವಿಷಾಂಶ ಹಾಲಿನ ಮೂಲಕ ಮತ್ತೆ ನಮ್ಮ ಮಕ್ಕಳ ಲೋಟಕ್ಕೇ ಬರುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಗಂಟು ಹಾಕಿ ಬೀದಿಯಲ್ಲಿಟ್ಟರೆ ದನ ಚೀಲ ಸಮೇತ ನುಂಗುತ್ತದೆ.

ಹೇಳಿಕೆ: ‘ಊಟ ಉಳಿದರೆ 1098ಕ್ಕೆ ಕರೆ ಮಾಡಿ’

ಸುಳ್ಳು, ಮತ್ತು ಈ ಪಟ್ಟಿಯಲ್ಲೇ ಹೆಚ್ಚು ಹಾನಿಕರ. 1098 ಸಂಕಷ್ಟದಲ್ಲಿರುವ ಮಕ್ಕಳಿಗಾಗಿ ಇರುವ 24 ತಾಸಿನ ಸಹಾಯವಾಣಿ. 1996ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಬಾಲ್ಯವಿವಾಹ, ಬಾಲಕಾರ್ಮಿಕತೆ, ಹಿಂಸೆ, ಮನೆ ಬಿಟ್ಟು ಬಂದ ಮಗು – ಇಂಥ ಕರೆಗಳಿಗೆ ಅದು ಮೀಸಲು. ತಾವು ಊಟ ಸಂಗ್ರಹಿಸುವುದಿಲ್ಲ ಎಂದು ಸಹಾಯವಾಣಿಯವರೇ ಹಲವು ಬಾರಿ ಸ್ಪಷ್ಟಪಡಿಸಿದ್ದಾರೆ. ಆದರೂ ಸಂದೇಶ ವರ್ಷ ವರ್ಷವೂ ತಿರುಗುತ್ತದೆ. ಮದುವೆ ಮನೆಯಿಂದ ಹೋದ ಪ್ರತಿ ಕರೆಯ ಹಿಂದೆ ನಿಜವಾಗಿ ಸಹಾಯ ಬೇಕಿದ್ದ ಒಂದು ಮಗು ಕಾಯುತ್ತಿರಬಹುದು. ಮದುವೆ ಸೀಸನ್ನಿನಲ್ಲೇ ಬಾಲ್ಯವಿವಾಹದ ದೂರುಗಳೂ ಬರುತ್ತವೆ ಎಂಬುದನ್ನು ಮರೆಯಬೇಡಿ.

ಹಾಗಾದರೆ ಸಮಾರಂಭದ ಊಟ ಉಳಿದರೆ? ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ಹಂಚಿಕೆಗೆ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮಗಳನ್ನೇ ಮಾಡಿದೆ. ಸಂಗ್ರಹಿಸಿ ಹಂಚುವ ಸಂಸ್ಥೆಗಳು ಆಹಾರವನ್ನು ಸುರಕ್ಷಿತವಾಗಿ ಇಡಬೇಕು, ದಾಖಲೆ ಬರೆದಿಡಬೇಕು ಎಂಬುದು ಅದರ ಸಾರ. ನಮ್ಮ ಮಟ್ಟದಲ್ಲಿ ಮಾಡಬಹುದಾದದ್ದು:

- ಯಾವ ಹಾಸ್ಟೆಲ್, ಮಠ, ಆಶ್ರಮ, ಬಡಾವಣೆ ಊಟ ಸ್ವೀಕರಿಸುತ್ತದೆ ಎಂದು ಮದುವೆಗೆ ಮೊದಲೇ ಕೇಳಿ, ಒಬ್ಬರ ನಂಬರ್ ಇಟ್ಟುಕೊಳ್ಳಿ.
- ಎಲೆಗೆ ಬಡಿಸದ, ಮುಚ್ಚಿದ ಪಾತ್ರೆಯಲ್ಲಿರುವುದನ್ನು ಮಾತ್ರ ಕೊಡಿ. ಪಂಕ್ತಿ ಮುಗಿದ ತಕ್ಷಣ, ಬಿಸಿಯಿರುವಾಗಲೇ ಕಳಿಸಿ.
- ಸಂಜೆ ಐದಕ್ಕೆ ನೆನಪಾದ ಮಧ್ಯಾಹ್ನದ ಮೊಸರನ್ನವನ್ನು ಕೊಡಬೇಡಿ. ನಾವು ತಿನ್ನಲು ಹೆದರುವುದು ಬಡವರಿಗೂ ಬೇಡ.

ಕೊನೆಯ ಹೆಜ್ಜೆ: ಗೊಬ್ಬರ

ಇಷ್ಟೆಲ್ಲ ಮಾಡಿದ ಮೇಲೂ ಸಿಪ್ಪೆ, ಚಹಾಪುಡಿ, ಮೊಟ್ಟೆಯ ಚಿಪ್ಪು ಉಳಿದೇ ಉಳಿಯುತ್ತವೆ. ಕಸದ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಇವು ಮೀಥೇನ್ ಬಿಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27ರಿಂದ 30 ಪಟ್ಟು ಹೆಚ್ಚು ಶಾಖ ಹಿಡಿಯುವ ಅನಿಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಕಡ್ಡಾಯ ಮಾಡಿದ್ದವು. ಮನೆಯಲ್ಲೇ ಗೊಬ್ಬರ ಮಾಡಿದರೆ ಗಾಡಿಗೆ ಹಾಕುವ ಹಸಿ ಕಸ ಬಹುಪಾಲು ಇಲ್ಲವಾಗುತ್ತದೆ.

ಊರ ಕಸದಿಂದ ಗೊಬ್ಬರ ತೆಗೆಯುವ ವಿಧಾನಕ್ಕೆ ಕರ್ನಾಟಕದ ಹೆಸರೇ ಇದೆ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ರೂಪಿಸಿದ ‘ಬೆಂಗಳೂರು ವಿಧಾನ’ ಇಂದಿಗೂ ಕೃಷಿ ಪಠ್ಯಗಳಲ್ಲಿದೆ: ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮುಚ್ಚಿ, ಮಗುಚದೆ ಆರೆಂಟು ತಿಂಗಳು ಬಿಡುವುದು. ದೊಡ್ಡ ಹಿತ್ತಲಿಗೆ, ಹೊಲಕ್ಕೆ ಅದು ಸರಿ. ಊರೊಳಗಿನ ಮನೆಗೆ ಗಾಳಿಯಾಡುವ ಗಡಿಗೆಯೇ ಅನುಕೂಲ, ಬೇಗವೂ ಆಗುತ್ತದೆ.

1. ಹಳೆಯ ಗಡಿಗೆ ಅಥವಾ ಬಕೆಟ್‌ನ ಪಕ್ಕ ಮತ್ತು ತಳಕ್ಕೆ ತೂತು ಮಾಡಿ. ಇಟ್ಟಿಗೆಯ ಮೇಲೆ, ನೆರಳಲ್ಲಿ ಇಡಿ.
2. ತಳಕ್ಕೆ ನಾಲ್ಕು ಬೆರಳು ಒಣ ಪದರ: ಬೇವಿನ ಒಣ ಎಲೆ, ತೊಗರಿ ಅಥವಾ ಸೋಯಾ ಹೊಟ್ಟು, ಕತ್ತರಿಸಿದ ಕಬ್ಬಿನ ರವದಿ. ನಮ್ಮ ಕಡೆ ಇವು ಧಾರಾಳ.
3. ಒಂದು ಬಟ್ಟಲು ಹಸಿ ಕಸಕ್ಕೆ ಒಂದರಿಂದ ಎರಡು ಬಟ್ಟಲು ಒಣ ಹೊಟ್ಟು. ಹಸಿಯಲ್ಲಿ ಸಾರಜನಕ, ಒಣದರಲ್ಲಿ ಇಂಗಾಲ ಹೆಚ್ಚು. ಸೂಕ್ಷ್ಮಜೀವಿಗಳಿಗೆ ಸಾರಜನಕದ 25–30 ಪಟ್ಟು ಇಂಗಾಲ ಬೇಕು.
4. ಮೊದಲ ಬಾರಿ ಒಂದು ಹಿಡಿ ಹಳೆಯ ತಿಪ್ಪೆ ಗೊಬ್ಬರ ಅಥವಾ ಹುಳಿ ಮಜ್ಜಿಗೆ ಹಾಕಿ. ದುಬಾರಿ ಪುಡಿ ಬೇಕಿಲ್ಲ.
5. ವಾರಕ್ಕೆರಡು ಬಾರಿ ಕೋಲಿನಿಂದ ಕೆದಕಿ. ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವ ಸಾಕು. ಬೇಸಿಗೆಯಲ್ಲಿ ನೀರು ಚಿಮುಕಿಸಿ, ಮಳೆಗಾಲದಲ್ಲಿ ಮುಚ್ಚಿ.
6. ಗಡಿಗೆ ತುಂಬಿದ ಮೇಲೆ ಎರಡನೆಯದನ್ನು ಶುರು ಮಾಡಿ. ಎರಡು–ಮೂರು ತಿಂಗಳಲ್ಲಿ ಮೊದಲನೆಯದು ಕಪ್ಪಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸಿದ್ಧ.

ಎಣ್ಣೆ, ಉಪ್ಪಿನಕಾಯಿ, ಮಾಂಸ, ಮೂಳೆ ಸಣ್ಣ ಗಡಿಗೆಗೆ ಬೇಡ. ಪ್ಲಾಸ್ಟಿಕ್, ಡೈಪರ್, ಪ್ಯಾಡ್ ಯಾವತ್ತೂ ಬೇಡ.

ಗೊಬ್ಬರದ ಬಗ್ಗೆ ಮೂರು ಅನುಮಾನ

*ವಾಸನೆ ಬರುತ್ತದೆಯಲ್ಲ?* ತೇವ ಹೆಚ್ಚಾಗಿ ಗಾಳಿ ಕಡಿಮೆಯಾದರೆ ಕೊಳೆತ ವಾಸನೆ ಬರುತ್ತದೆ. ಒಣ ಹೊಟ್ಟು ಹಾಕಿ ಕೆದಕಿದರೆ ಎರಡು ದಿನದಲ್ಲಿ ಸರಿಹೋಗುತ್ತದೆ.

*ಹುಳ ಬಿದ್ದಿವೆ, ಕೆಟ್ಟಿತೇ?* ಇಲ್ಲ. ದಪ್ಪ, ಬೂದು-ಕಂದು ಮರಿಹುಳಗಳು ಸಾಮಾನ್ಯವಾಗಿ ಕಪ್ಪು ಸೈನಿಕ ನೊಣದ್ದು. ಕಚ್ಚುವುದಿಲ್ಲ, ಕಸವನ್ನು ಬೇಗ ಕರಗಿಸುತ್ತವೆ. ಬೇಡವೆನಿಸಿದರೆ ಒಣ ಪದರ ದಪ್ಪ ಮಾಡಿ.

*ಇದಿದ್ದರೆ ಬೇರೆ ಗೊಬ್ಬರ ಬೇಡವೇ?* ಹಾಗಲ್ಲ. ಮನೆಗೊಬ್ಬರದಲ್ಲಿ ಪೋಷಕಾಂಶ ಕಡಿಮೆ. ಅದರ ಗುಣವೆಂದರೆ ಮಣ್ಣನ್ನು ಸಡಿಲ ಮಾಡಿ ತೇವ ಹಿಡಿದಿಡುವುದು. ಕರಿಬೇವು, ಟೊಮೆಟೊ, ದಾಸವಾಳದ ಕುಂಡಕ್ಕೆ ಧಾರಾಳ ಸಾಕು, ಎಕರೆಗಟ್ಟಲೆ ಹೊಲಕ್ಕೆ ಸಾಲದು.

ಇನ್ನೊಂದು ಮಾತು. ‘ಹೇಗೂ ಗೊಬ್ಬರವಾಗುತ್ತದಲ್ಲ’ ಎಂದು ಒಳ್ಳೆಯ ಅನ್ನವನ್ನು ಗಡಿಗೆಗೆ ಸುರಿಯಬೇಡಿ. ಅದರ ಹಿಂದಿನ ನೀರು, ಗ್ಯಾಸ್, ದುಡಿಮೆ, ಹಣ ಗೊಬ್ಬರದಲ್ಲಿ ಮರಳಿ ಬರುವುದಿಲ್ಲ. ಗಡಿಗೆಯಲ್ಲಿ ಸಿಪ್ಪೆಗಿಂತ ಅನ್ನವೇ ಹೆಚ್ಚು ಕಾಣುತ್ತಿದ್ದರೆ, ಬದಲಾಗಬೇಕಾದದ್ದು ಅಕ್ಕಿಯ ಅಳತೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

“1098 ಮಕ್ಕಳ ಸಹಾಯವಾಣಿ, ಊಟ ಒಯ್ಯುವುದಿಲ್ಲ. ಮಗು ಸಂಕಷ್ಟದಲ್ಲಿದ್ದರೆ ಮಾತ್ರ ಕರೆ ಮಾಡಿ. ಉಳಿದ ಅನ್ನ ವಿಷವಲ್ಲ – ಬೇಸಿಗೆಯಲ್ಲಿ ಒಂದು ತಾಸಿನೊಳಗೆ ಆರಿಸಿ ಫ್ರಿಜ್‌ನಲ್ಲಿಡಿ, ಮರುದಿನ ಚೆನ್ನಾಗಿ ಬಿಸಿ ಮಾಡಿ ಮುಗಿಸಿ. ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಬಿಸಿ ಮಾಡಿದರೂ ತಿನ್ನಬೇಡಿ. ದನಕ್ಕೆ ಬುಟ್ಟಿಗಟ್ಟಲೆ ಅನ್ನ, ಬೂಸ್ಟು ಹಿಡಿದ ಶೇಂಗಾ ಹಾಕಬೇಡಿ. ಸಿಪ್ಪೆ ಗಡಿಗೆಗೆ, ಒಂದಕ್ಕೆ ಎರಡರಷ್ಟು ಒಣ ಹೊಟ್ಟು. ನಾಳೆ ಅಕ್ಕಿ ಅಳೆಯುವ ಮೊದಲು ಊಟಕ್ಕೆ ಎಷ್ಟು ಜನ ಎಂದು ಕೇಳಿ.”